ಪೆಟ್ಟಿಗೆಯೊಳಗೆ ಇಟ್ಟ ರಕ್ಷೆ

1997, ಜನವರಿ 16, ಗುರುವಾರ

ಸ್ನಾನ, ದೀಪ ಆಯಿತು. ಇವರು ಆರಕ್ಕೇ ಡ್ಯೂಟಿಗೆ ಹೋದರು. ಮುದ್ದೆ ಎರಡು, ಅವರೆಕಾಳು ಸಾರು ಕಟ್ಟಿಕೊಟ್ಟೆ. ಪೊಂಗಲ್ ಹಬ್ಬದ ಕಬ್ಬಿನ ಸಿಪ್ಪೆ ಇನ್ನೂ ಅಂಗಳದಲ್ಲೇ ಬಿದ್ದಿದೆ. ಗುಡಿಸಬೇಕು.

ಈ ಡೈರಿ ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟದ್ದು. ಇವರಿಗೆ ಓದು ಬಾರದು. ಮಗ ಚಿನ್ನರಾಜ್‌ಗೆ ಓದಲು ತಮಿಳು, ಇಂಗ್ಲಿಷ್ ಮಾತ್ರ. ಡೆಂಕಣಿಕೋಟೆ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಕನ್ನಡ ಅಕ್ಷರ ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯಬಹುದು.

ನನಗಿರುವ ಭಯ ಒಂದೇ. ಬಾಯ್ಲರ್.

ಧಣಿ ಲಕ್ಷ್ಮಣನ್ ಮುದಲಾಳಿಯ ಜವ್ವರಿಸಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇವರು ಬಾಯ್ಲರ್ ನೋಡುತ್ತಾರೆ. ಜವ್ವರಿಸಿ, ಅಂದರೆ ನಮ್ಮ ಸಬ್ಬಕ್ಕಿ, ಬೇಯಲು ಹಬೆ ಬೇಕು. ಬಾಯ್ಲರಿನ ಪಕ್ಕದಲ್ಲಿ ಒಂದು ಗಾಜಿನ ಕೊಳವೆ. ಒಳಗೆ ನೀರು ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ. ಕೆಳಗೆ ಬೆಂಕಿ ಉರಿಯುವಾಗ ಗಾಜಿನಲ್ಲಿ ನೀರು ಕಾಣದೆ ಹೋದರೆ... ಹತ್ತು ವರ್ಷದ ಹಿಂದೆ ಬೇರೊಂದು ಮಿಲ್ಲಿನಲ್ಲಿ ಹಾಗೆ ಆಗಿತ್ತು. ಬಾಯ್ಲರ್ ಒಡೆದು ಮಾಡಿನ ಶೀಟು ಜೋಳದ ಹೊಲದಲ್ಲಿ ಬಿದ್ದಿತ್ತಂತೆ. ಇವರು ನೋಡಿಕೊಂಡು ಬಂದು ಎರಡು ದಿನ ಉಣ್ಣಲಿಲ್ಲ. ಏನು ಕಂಡಿರಿ ಎಂದು ನಾನೂ ಕೇಳಲಿಲ್ಲ.

ಚಿನ್ನರಾಜ್ ಪಾಲಿಟೆಕ್ನಿಕ್ ಓದಿದವನು. ಧರ್ಮಪುರಿಯಲ್ಲಿ ಟಿವಿ ರಿಪೇರಿ ಅಂಗಡಿಯಲ್ಲಿದ್ದಾನೆ. ಅಪ್ಪನಿಗಾಗಿ ಒಂದು ಬೋರ್ಡು ಮಾಡಿದ್ದಾನೆ. ಅಂಗೈಯಗಲ, ಹಸಿರು, ಮೇಲೆ ಜರಿಹುಳದಂತೆ ಕಾಲುಗಳಿರುವ ಕಪ್ಪು ಚಿಪ್‌ಗಳು. ಅದೇ ಒಂದು ಪೂರ್ತಿ ಕಂಪ್ಯೂಟರ್ ಅಂತೆ. ನೀರು ಸರಿಯಿದ್ದರೆ ಹಸಿರು ದೀಪ. ಇಳಿದರೆ ತಾನೇ ಪಂಪ್ ಹಾಕುತ್ತದೆ. ತೀರಾ ಇಳಿದರೆ ಗಂಟೆ ಹೊಡೆಯುತ್ತದೆ. ಪೊಂಗಲ್‌ಗೆ ಮೊದಲು ಸೋಪಿನ ಡಬ್ಬಿಯಲ್ಲಿಟ್ಟು ಆರು ದಿನ ಓಡಿಸಿದ. ಏಳನೆಯ ದಿನ ಜವ್ವರಿಸಿ ಹಿಟ್ಟು ತುಂಬಿ, ಒಂದು ಹಲ್ಲಿ ಹೊಕ್ಕು ಸತ್ತು, ಕೆಟ್ಟಿತು. ಈಗ ಗಟ್ಟಿ ಪೆಟ್ಟಿಗೆ ಬೇಕು ಅನ್ನುತ್ತಿದ್ದಾನೆ.

ಜನವರಿ 18, ಶನಿವಾರ

ಟ್ರಂಕ್ ಮಾಡುವ ಮಾರಿಯಪ್ಪ ಪೆಟ್ಟಿಗೆ ತಂದ. ತಗಡಿನದು, ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಮುಚ್ಚಳಕ್ಕೆ ನಾಲ್ಕು ಸ್ಕ್ರೂ.

"ಏನಕ್ಕಾ, ಕಲ್ಯಾಣದ ಟ್ರಂಕ್ ಮಾಡೋ ಕೈಗೆ ಇಂಥಾ ಗುಬ್ಬಿಗೂಡು ಕೊಟ್ಟವ್ನಲ್ಲ ನಿನ್ ಮಗ. ಒಳಗೆ ಯಾರನ್ನ ಕೂಡಾಕ್ತಾನಂತೆ?"

"ಕಂಪ್ಯೂಟರ್‌ನ, ಮಾಮಾ" ಎಂದ ಚಿನ್ನರಾಜ್.

"ಈ ಅಂಗೈಯಗಲದ್ದಾ? ಓಗ್ಲಾ! ಕಂಪ್ಯೂಟರ್ ಅಂದ್ರೆ ಬ್ಯಾಂಕ್‌ನಾಗೆ ಎಸಿ ರೂಮ್‌ನಾಗೆ ಇರ್ತೈತೆ. ನಾ ಕಂಡಿಲ್ವಾ?"

"ಅದುಕ್ಕೆ ಎಸಿ ರೂಮು. ಇದುಕ್ಕೆ ನೀನ್ ಮಾಡಿದ್ ರೂಮು."

ಮಾರಿಯಪ್ಪ ನಕ್ಕು ನಕ್ಕು ಕೆಮ್ಮಿದ. ಹಿಟ್ಟು ಹೋಗದಂತೆ ಮುಚ್ಚಳದ ಅಂಚಿಗೆ ಹಾಕಲು ಹಳೆಯ ಸೈಕಲ್ ಟ್ಯೂಬನ್ನು ನಾನೇ ಕತ್ತರಿಸಿ ಕೊಟ್ಟೆ. ಒಂದೂ ಬಿಟ್ಟ ಜಾಗ ಇಲ್ಲದಂತೆ ಕೂತಿತು. ಮಗ ಬೆನ್ನು ತಟ್ಟಿದ. ಸಂತೋಷವಾಯಿತು.

ಆದರೆ ಇವರ ಜೀವವನ್ನು ಇಷ್ಟು ಪುಟ್ಟದೊಂದು ವಸ್ತುವಿನ ಕೈಗೆ ಕೊಡುವುದೇ...

ಜನವರಿ 20, ಸೋಮವಾರ, ಮಧ್ಯಾಹ್ನ 3

ಬೆಳಿಗ್ಗೆ ಮುನಿಯಪ್ಪನ ಗುಡಿಗೆ ಹೋದೆ. ಪೂಜಾರಿ ಬಸಪ್ಪನ ಮುಂದೆ ಅತ್ತುಬಿಟ್ಟೆ. ಆತ ತಾಮ್ರದ ರೇಕಿನ ಮೇಲೆ ಮುನಿಯಪ್ಪನ ಕಟ್ಟುಮಂತ್ರ ಬರೆದು, ಸುರುಳಿ ಸುತ್ತಿ, ಅರಿಶಿನದ ದಾರ ಕಟ್ಟಿಕೊಟ್ಟ. ಕಿರುಬೆರಳುದ್ದದ ರಕ್ಷೆ.

"ಬಾಯ್ಲರ್ ಕಾಯೋ ಪೆಟ್ಟಿಗೇಲೇ ಮಡಗು, ತಾಯಿ. ಮೂರು ಅಮಾವಾಸ್ಯೆ ಕಳೆಯೋಗಂಟ ತೆಗೀಬೇಡ. ಗಂಡಾಳ ಕಣ್ಣಿಗೆ ಬೀಳ್ಬಾರ್ದು. ಬಿತ್ತೋ, ಕಾವಲು ಎದ್ದು ಓಯ್ತದೆ. ಎದ್ದೋದ ಕಾವಲು ಸುಮ್ನೆ ಓಗಲ್ಲ."

ಮನೆಗೆ ಬಂದಾಗ ಚಿನ್ನರಾಜ್ ಸ್ಕ್ರೂ ತರಲು ಹೋಗಿದ್ದ. ಬೋರ್ಡು ಪೆಟ್ಟಿಗೆಯಲ್ಲಿ ನಾಲ್ಕು ಗಿಡ್ಡ ಕಾಲುಗಳ ಮೇಲೆ ಕೂತಿತ್ತು, ಮುಚ್ಚಳ ತೆಗೆದಿತ್ತು. ಬೋರ್ಡಿನ ಕೆಳಗೆ ಬೆರಳು ಹೋಗುವಷ್ಟು ಸಂದು. ಮೇಣದ ಬತ್ತಿ ಕರಗಿಸಿ, ರಕ್ಷೆಯನ್ನು ಆ ಸಂದಿನಲ್ಲಿ ಪೆಟ್ಟಿಗೆಯ ಗೋಡೆಗೆ ಅಂಟಿಸಿದೆ. ಮೇಲಿಂದ ನೋಡಿದರೆ ಕಾಣದು.

ಮಗ ಬಂದು ನಾಲ್ಕು ಸ್ಕ್ರೂ ಬಿಗಿದ. ಸಂದಿಗೆ ಬಗ್ಗಿ ನೋಡಲಿಲ್ಲ.

ಎಷ್ಟೋ ವರ್ಷದ ಮೇಲೆ ಹಗಲು ಸ್ವಲ್ಪ ನಿದ್ದೆ ಬಂತು.

ಜನವರಿ 22, ಬುಧವಾರ

ಪೆಟ್ಟಿಗೆಯನ್ನು ಬಾಯ್ಲರ್ ಮನೆಯ ಗೋಡೆಗೆ ಹಾಕಿದರು. ಇವರ ಮುಖ ಸಪ್ಪಗಾಗಿದೆ. "ಇಪ್ಪತ್ತೆರಡು ವರ್ಷ ಗಾಜು ನೋಡ್ದೋನು ನಾನು. ಈ ಡಬ್ಬಿ ನಂಗೆ ನೀರು ತೋರ್ಸ್ತದಾ?" ಮುದಲಾಳಿ ಮಾತ್ರ, ಇನ್ನು ಮೇಲೆ ಜವ್ವರಿಸಿ ಬೇಯಿಸುವ ಕಡೆಯೂ ನೋಡಿಕೋ ಪಾಪಣ್ಣ ಅಂದರಂತೆ. ಎರಡು ಕೆಲಸಕ್ಕೆ ಒಬ್ಬರು.

ಇವರ ಮುಖ ನೋಡಲಾರದೆ ಹೇಳಿಬಿಟ್ಟೆ — ಒಳಗೆ ಮುನಿಯಪ್ಪನ ರಕ್ಷೆ ಇಟ್ಟಿದ್ದೇನೆ, ಮಗನಿಗೆ ಹೇಳಬೇಡಿ, ನೀವೂ ತೆಗೆದು ನೋಡಬೇಡಿ.

ಇವರು ಎರಡು ಕೈಯನ್ನೂ ಕಣ್ಣಿಗೊತ್ತಿಕೊಂಡರು.

ಫೆಬ್ರವರಿ 7, ಶುಕ್ರವಾರ, ಅಮಾವಾಸ್ಯೆ

ತಿಲತರ್ಪಣ ಮುಗಿಸಿ ಇವರು ಒಂದು ಗಳಿಗೆ ತಡವಾಗಿ ಡ್ಯೂಟಿಗೆ ಹೋದರು. ತಲೆಗೆ ನೀರು, ಒಪ್ಪೊತ್ತು. ಮೊದಲ ಅಮಾವಾಸ್ಯೆ ಕಳೆಯಿತು. ಇನ್ನೆರಡು.

ಪಕ್ಕದ ಮನೆ ಪೂಂಗೊಡಿ ಮಿಲ್ಲಿನಲ್ಲಿ ಜವ್ವರಿಸಿ ಒಣಗಿಸುವವಳು. ಸಂಜೆ ಬಂದು ಹೇಳಿದಳು: "ರಮಾಕ್ಕಾ, ನಿನ್ ಗಂಡ ಬೇವಿನ ಮರದ ಕೆಳಗೆ ಕುಂತು ಊಟ ಮಾಡ್ತವ್ರೆ! ಇಷ್ಟು ವರ್ಸದಾಗೆ ನಾ ಕಂಡಿಲ್ಲ. ಬಾಯ್ಲರ್ ಮುಂದೆ ನಿಂತ್ಕೊಂಡೇ ನುಂಗ್ತಿದ್ರಲ್ಲ. ಇವತ್ತು ನನ್ನ ನೋಡಿ ಜೋಕ್ ಬೇರೆ! ನಾ ಉಣ್ಣೋದ್ ನೋಡಿ, ಮಳೆಗಾಲಕ್ಕೆ ಸೇರ್ಸಿ ಮಡಗ್ತಾ ಇದ್ದೀಯಾ ಪೂಂಗೊಡಿ ಅಂದ್ರು."

ನಗು ಬಂತು. ಅವಳು ಹೋದ ಮೇಲೆ ಹಿತ್ತಲಿಗೆ ಹೋಗಿ ಮಿಲ್ಲಿನ ಹೊಗೆ ನೋಡಿ ಬಂದೆ. ಯಾಕೆಂದು ತಿಳಿಯದು.

ಫೆಬ್ರವರಿ 19, ಬುಧವಾರ

ಚಿನ್ನರಾಜ್ ಆತ್ತೂರಿನ ಒಂದು ಮಿಲ್ಲಿಗೆ ಇನ್ನೊಂದು ಬೋರ್ಡು ಮಾಡುತ್ತಿದ್ದಾನೆ. ಇವತ್ತು ಅಂಗಡಿಗೆ ರಜೆ. ನಾನು ಪಕ್ಕದಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದೆ. ಅವನು ಒಂದು ವೈರ್ ಕತ್ತರಿಸಿದ. ಕೂದಲಿನಷ್ಟು ತುಂಡು ಪೆಟ್ಟಿಗೆಯೊಳಗೆ ಬಿತ್ತು. ಕೂಡಲೇ ಎಲ್ಲ ಬಿಟ್ಟು ಪೆಟ್ಟಿಗೆ ತಲೆಕೆಳಗು ಮಾಡಿ ತಟ್ಟಿದ, ಊದಿದ, ಬೆಳಕಿಗೆ ಹಿಡಿದು ಹುಡುಕಿದ.

"ಅಷ್ಟು ಚಿಕ್ಕದಕ್ಕೆ ಯಾಕ್ಲಾ ಇಷ್ಟು ಪಾಡು?"

"ಅಮ್ಮಾ, ತಾಮ್ರ ಅದು. ಬೋರ್ಡ್ ಕೆಳಗೆ ನೋಡು, ಮುಳ್ಳು ಮುಳ್ಳು ಥರ ಐತಲ್ಲ. ಒಂದು ಮುಳ್ಳು, ಈ ಪೆಟ್ಟಿಗೆ ತಗಡು — ಎರಡುನ್ನೂ ತಾಮ್ರ ಮುಟ್ಟುದ್ರೆ ಮುಗೀತು. ಬಾಯ್ಲರ್‌ನಾಗೆ ನೀರು ಇಲ್ದಿದ್ರೂ ಐತೆ ಐತೆ ಅಂತ ಹಸಿರು ದೀಪ ಉರಿತಾನೇ ಇರ್ತೈತೆ. ಪಂಪೂ ಓಡಲ್ಲ, ಗಂಟೇನೂ ಒಡಿಯಲ್ಲ. ಅದುಕ್ಕೇ ತಾನೆ ಪೆಟ್ಟಿಗೆ? ಒಳಗೆ ಏನೂ ಓಗ್ಬಾರ್ದು ಅಂತ."

ಹುಣಸೆ ಹಣ್ಣು ಕೈಯಲ್ಲೇ ಉಳಿಯಿತು.

ಫೆಬ್ರವರಿ 20, ಗುರುವಾರ

ಹೇಳಬೇಕು.

ಹೇಳಿದರೆ ಮಗ ಬಿಚ್ಚುತ್ತಾನೆ. ಬಿಚ್ಚಿದರೆ ಅವನ ಕಣ್ಣಿಗೆ ಬೀಳುತ್ತದೆ. ಕಾವಲು ಎದ್ದು ಹೋಗುತ್ತದೆ. ಸುಮ್ಮನೆ ಹೋಗುವುದಿಲ್ಲ ಅಂದಿದ್ದಾನಲ್ಲ ಬಸಪ್ಪ. ಯಾರನ್ನು ಹಿಡಿಯುತ್ತದೆ? ಇವರನ್ನೇ.

ಹೇಳದಿದ್ದರೆ...

ಮೇಣ ಗಟ್ಟಿಯಾಗಿ ಹಿಡಿದಿದೆ. ನಾನೇ ಒತ್ತಿ ನೋಡಿದ್ದೆ. ಗೋಡೆಗೆ ಅಂಟಿದ್ದು ಗೋಡೆಯಲ್ಲೇ ಇರುತ್ತದೆ. ಮೂರನೆಯ ಅಮಾವಾಸ್ಯೆ ಏಪ್ರಿಲ್ ಏಳು. ಅದು ಕಳೆದ ಮೇಲೆ ನಾನೇ ಹೇಳುತ್ತೇನೆ. ಮುನಿಯಪ್ಪಾ, ಅಲ್ಲಿವರೆಗೆ ಮೇಣ ಬಿಡಿಸಬೇಡ.

ಮಾರ್ಚ್ 8, ಶನಿವಾರ, ಅಮಾವಾಸ್ಯೆ

ಎರಡನೆಯದು. ಇನ್ನು ಮೂವತ್ತು ದಿನ.

ಇವರು ಊಟದ ಕ್ಯಾರಿಯರ್ ತೊಳೆಯಲು ಕೊಡುತ್ತಾ ಹೇಳಿದರು: "ಚೆನ್ನಾಗೈತೆ ಕಣೇ ಆ ಪೆಟ್ಟಿಗೆ. ಮೇಲೆ ಕ್ಯಾರಿಯರ್ ಮಡಗುದ್ರೆ ಮಧ್ಯಾಹ್ನಗಂಟ ಸಾರು ಬಿಸಿ ಬಿಸಿ ಇರ್ತದೆ."

ಪೆಟ್ಟಿಗೆ ಅಷ್ಟು ಕಾಯುತ್ತದೆಯೇ. ನನಗೆ ಆ ಯೋಚನೆಯೇ ಬಂದಿರಲಿಲ್ಲ.

ಇವರು ಆಚೆ ಹೋದ ಮೇಲೆ ಕ್ಯಾರಿಯರಿನಲ್ಲಿ ಬಿಸಿ ಸಾರು ತುಂಬಿ, ಹೊರಮೈಗೆ ಒಂದು ಸೇಫ್ಟಿ ಪಿನ್ನನ್ನು ಮೇಣದಿಂದ ಅಂಟಿಸಿದೆ. ನೋಡುತ್ತಾ ಕೂತೆ. ಸ್ವಲ್ಪ ಹೊತ್ತು ಹಿಡಿದುಕೊಂಡಿತ್ತು. ಆಮೇಲೆ ಮೆಲ್ಲಗೆ ಜಾರಿತು. ನೆಲಕ್ಕೆ ಬಿದ್ದ ಸದ್ದು ಕೂಡ ಕೇಳಲಿಲ್ಲ.

ಮಾರ್ಚ್ 10, ಸೋಮವಾರ

ಇವರಿಗೆ ಹೇಳಿದೆ. ಪೂರ್ತಿ ಅಲ್ಲ. ಗಾಜನ್ನೂ ನೋಡುತ್ತಾ ಇರಿ, ಪೆಟ್ಟಿಗೆಯನ್ನು ನಂಬಿ ಆಚೆ ಹೋಗಬೇಡಿ ಎಂದೆ.

ನಕ್ಕರು. "ಡಬ್ಬೀನ ನಾ ಎಲ್ಲೇ ನಂಬ್ದೆ? ಒಳಗೆ ಮುನಿಯಪ್ಪ ಕುಂತವ್ನಲ್ಲ, ಅವನ್ನ ನಂಬಿವ್ನಿ. ನೀನೇ ತಾನೆ ಕೂರ್ಸಿದ್ದು?"

ಇಪ್ಪತ್ತೆರಡು ವರ್ಷ ಇವರನ್ನು ಗಾಜಿನ ಮುಂದೆ ನಿಲ್ಲಿಸಿದ್ದ ಭಯವನ್ನು ನಾನೇ ಬಿಡಿಸಿದೆ.

ಮಾರ್ಚ್ 14, ಶುಕ್ರವಾರ

ಗುಡಿಗೆ ಹೋದೆ. ನಾನೇ ಹೋಗಿ, ಯಾರ ಕಣ್ಣಿಗೂ ಬೀಳದಂತೆ ತೆಗೆದರೆ ಆಗುತ್ತದೆಯೇ ಎಂದು ಬಸಪ್ಪನನ್ನು ಕೇಳಿದೆ.

"ಮೂರು ಅಂದ್ರೆ ಮೂರು. ನಂಬ್ಕೆ ಇಲ್ದೆ ಯಾಕಮ್ಮಾ ಇಸ್ಕೊಂಡು ಓದೆ? ಮುನಿಯಪ್ಪನ ತಾವ ಆಟಾನಾ?"

ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು ಬಂದೆ. ದಾರಿಯಲ್ಲಿ ಮಿಲ್ಲಿನ ಗೇಟಿನ ಮುಂದೆ ನಿಂತೆ. ಹೊಗೆ ಹೋಗುತ್ತಿತ್ತು. ಎಂದಿನಂತೆ ನೆಟ್ಟಗೆ. ವಾಚ್‌ಮನ್ "ಎನ್ನಮ್ಮಾ ವೇಣುಂ?" ಅಂದ. ಏನೂ ಬೇಡ ಎಂದು ಬಂದುಬಿಟ್ಟೆ.

ಮಾರ್ಚ್ 17

ಇಪ್ಪತ್ತೊಂದು ದಿನ.

ಮಾರ್ಚ್ 18

ಇಪ್ಪತ್ತು. ಮಿಲ್ಲಿನ ಕಡೆ ಲಾರಿ ಟಯರ್ ಒಡೆದ ಸದ್ದಿಗೆ ಕೈಯಲ್ಲಿದ್ದ ಕೊಡ ಬಿಟ್ಟೆ.

ಮಾರ್ಚ್ 20, ಗುರುವಾರ, ಸಂಜೆ 4

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತೂವರೆ. ಚಿನ್ನರಾಜ್ ಅಂಗಡಿಗೆ ಹೊರಡಲು ತಲೆ ಬಾಚುತ್ತಿದ್ದ. ಪೂಂಗೊಡಿ ಮರೆತುಹೋದ ಬುತ್ತಿಗೆಂದು ಮಿಲ್ಲಿನಿಂದ ಓಡಿ ಬಂದಳು. ಬೇಲಿಯ ಆಚೆಯಿಂದಲೇ ಮಾತು: "ಅಕ್ಕಾ, ಇವತ್ತು ಒಣಗ್ಸೋ ಕಳದಾಗೆ ಏನು ಸುಕ ಅಂತೀಯ! ಆ ಹಾಳು ಪಂಪು ಗಳಿಗೆಗೊಂದು ದಪ ಗುಡುಗುಡು ಅಂತ ಕಿವಿ ತಿಂತಿತ್ತು. ಟೀ ಕುಡಿದಾಗಿಂದ ಸದ್ದೇ ಇಲ್ಲ."

ಪಂಪ್ ಸದ್ದು ಇಲ್ಲ.

ನಾನು ಮಗನ ಕೈ ಹಿಡಿದು ಹೇಳಿಬಿಟ್ಟೆ. ರಕ್ಷೆ, ತಾಮ್ರ, ಮೇಣ, ಎಲ್ಲ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಬಾಚಣಿಗೆ ಕೆಳಗೆ ಬಿತ್ತು. "ಯಾವ ಕಡೆ ಗೋಡೆಗಮ್ಮಾ? ವೈರ್ ಬರೋ ಕಡೆಗಾ?" ಹೌದು ಎಂದೆ. ಸೈಕಲ್ ತೆಗೆದ. ನಾನೂ ಹಿಂದೆ ಹತ್ತಿದೆ. ಬೇಡ ಅನ್ನಲು ಅವನಿಗೆ ಹೊತ್ತಿರಲಿಲ್ಲ.

ಬಾಯ್ಲರ್ ಮನೆಯೊಳಗೆ ನಾನು ಕಾಲಿಟ್ಟದ್ದು ಇದೇ ಮೊದಲು. ಬೆಂಕಿ ಧಗಧಗ. ಗೋಡೆಯ ಮೇಲೆ ಪೆಟ್ಟಿಗೆ, ಅದರ ಮೇಲೆ ನಾನು ಬೆಳಿಗ್ಗೆ ಕಟ್ಟಿಕೊಟ್ಟ ಕ್ಯಾರಿಯರ್, ಪಕ್ಕದಲ್ಲಿ ಹಸಿರು ದೀಪ. ಉರಿಯುತ್ತಿತ್ತು. ಇವರು ಇರಲಿಲ್ಲ.

ಚಿನ್ನರಾಜ್ ಗಾಜು ನೋಡಿದ. ನಾನೂ ನೋಡಿದೆ. ಗಾಜಿನಲ್ಲಿ ನೀರು ಇರಲಿಲ್ಲ. ಅವನು ಪಂಪಿನ ಸ್ವಿಚ್‌ಗೆ ಕೈ ಚಾಚಿದ.

"ಮುಟ್ಬೇಡ್ಲಾ!"

ಇವರ ದನಿ. ಬೇಯಿಸುವ ಶೆಡ್ಡಿನಿಂದ ನಮ್ಮನ್ನು ಕಂಡು ಓಡಿ ಬಂದಿದ್ದರು. ಮಗನನ್ನು ಒಂದೇ ಏಟಿಗೆ ಆಚೆ ತಳ್ಳಿದರು. "ಕಾದ ಕಬ್ಣದ ಮೇಲೆ ತಣ್ಣೀರು ಬಿಟ್ರೆ ನಾವ್ ಮೂರೂ ಜನ ಇರಲ್ಲ. ಓಗ್ರಿ ಆಚೆ! ಎಲ್ಲಾರ್ನೂ ಆಚೆ ಕರ್ಕೊಂಡು ಓಗ್ಲಾ!"

ನಾವು ಓಡಿದೆವು. ಇವರು ಓಡಲಿಲ್ಲ. ಬಾಗಿಲ ಕಂಡಿಯಲ್ಲಿ ನೋಡಿದೆ — ಉದ್ದ ಸಲಾಕೆಯಿಂದ ಉರಿಯುವ ಕೊರಡುಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದರು. ಕೆಂಡ ಕಾಲ ಸುತ್ತ. ಒಂದು, ಎರಡು, ಮೂರು... ಆ ಕಬ್ಬಿಣದ ಹೊಟ್ಟೆ ಟಕ್ ಟಕ್ ಅನ್ನುತ್ತಿತ್ತು. ದೇವರ ಹೆಸರು ಒಂದೂ ನೆನಪಿಗೆ ಬರಲಿಲ್ಲ. ಐವತ್ತು ವರ್ಷ ಕೂಗಿದ ಹೆಸರುಗಳು.

ಬೆಂಕಿ ಪೂರ್ತಿ ಎಳೆದು ಆಚೆ ಬಂದು ಮರಳಿನ ಮೇಲೆ ಕೂತರು. ಪಂಚೆ ಮೊಣಕಾಲಿನವರೆಗೆ ಸುಟ್ಟಿತ್ತು. ಒಡೆಯಲಿಲ್ಲ.

ಮುದಲಾಳಿ ಬಂದರು. "ಎನ್ನ ಆಚ್ಚು ಪಾಪಣ್ಣಾ?" ಏನಾಯಿತೆಂದು ಕೇಳಿದರು.

"ನಾನ್ ದಾನ್ ಗ್ಲಾಸ್ ಪಾಕ್ಕಲೆ, ಮುದಲಾಳಿ" ಅಂದರು ಇವರು. ಗಾಜು ನೋಡದೆ ಹೋದದ್ದು ತಾನೇ ಎಂದು. ಅಷ್ಟೇ. ನನ್ನ ಕಡೆ ತಿರುಗಲೂ ಇಲ್ಲ. ಇಷ್ಟು ವರ್ಷದಲ್ಲಿ ಇವರು ಬೈಸಿಕೊಂಡದ್ದನ್ನು ಇವತ್ತೇ ಕಂಡೆ, ನಲವತ್ತು ಜನರ ಮುಂದೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಎಲ್ಲ ಆರಿದ ಮೇಲೆ ಚಿನ್ನರಾಜ್ ಮುಚ್ಚಳ ಬಿಚ್ಚಿದ. ಮೇಣ ಕರಗಿ ತಳದಲ್ಲಿ ಹರಡಿತ್ತು. ದಾರ ಬಿಚ್ಚಿ ಸುರುಳಿ ತೆರೆದುಕೊಂಡಿತ್ತು. ಒಂದು ತುದಿ ಬೋರ್ಡಿನ ಮುಳ್ಳಿಗೆ, ಇನ್ನೊಂದು ತುದಿ ತಗಡಿಗೆ. ಅಪ್ಪ, ಮಗ ಇಬ್ಬರೂ ನೋಡಿದರು. ಇಬ್ಬರು ಗಂಡಸರ ನಾಲ್ಕು ಕಣ್ಣು.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 10

ಸೇಲಂನಿಂದ ಬಂದವರು ಬಾಯ್ಲರನ್ನು ಬಡಿದು, ಒಳಗೆ ಇಳಿದು ನೋಡಿ, ಉಳಿದುಕೊಂಡಿದೆ, ಹಚ್ಚಬಹುದು ಅಂದರಂತೆ. ಇವತ್ತು ಮತ್ತೆ ಬೆಂಕಿ. ಮುದಲಾಳಿ ಇವರನ್ನು ಕೆಲಸದಿಂದ ಬಿಡಿಸಲಿಲ್ಲ. ಬೆಂಕಿ ಎಳೆದದ್ದು ಇವರೇ ಎಂದು ಅವರಿಗೂ ತಿಳಿದಿತ್ತು.

ಚಿನ್ನರಾಜ್ ಪೆಟ್ಟಿಗೆಯನ್ನು ಮನೆಗೆ ತಂದು, ಒಳಗೋಡೆಗೆಲ್ಲ ರಬ್ಬರ್ ಹಾಸಿದ್ದ. ಬೆಳಿಗ್ಗೆ ಬೋರ್ಡು ಕೂರಿಸಿ ನನ್ನ ಮುಂದೆ ಇಟ್ಟ. "ನೀನೇ ನೋಡಿ ಮುಚ್ಚಮ್ಮ" ಅಂದ. ಬೆರಳು ಹಾಕಿ ನಾಲ್ಕು ಮೂಲೆಯೂ ತಡವಿದೆ. ಏನೂ ಇಲ್ಲ. ಯಾರೂ ಇಲ್ಲ. ಅಷ್ಟು ಬರಿದಾದದ್ದನ್ನು ಮುಚ್ಚಲು ಕೈ ಬರಲಿಲ್ಲ. ಮುಚ್ಚಿದೆ.

ಇವರು ಚಪ್ಪಲಿ ಹಾಕುತ್ತಿದ್ದರು. ರಕ್ಷೆಗೆ ಹೊಸ ದಾರ ಸುತ್ತಿಟ್ಟಿದ್ದೆ. ತೋಳಿಗಾದರೂ ಕಟ್ಟಿಕೊಳ್ಳಿ, ಕಾವಲು ಎದ್ದು ಹೋಗಿದ್ದರೆ ಮುನಿಯಪ್ಪನ ಕಾಲು ಹಿಡಿದು ಕರೆಯುತ್ತೇನೆ ಎಂದೆ.

"ಬ್ಯಾಡ ಕಣೇ."

"ಕೋಪವಾ?"

"ಕೋಪ ಯಾರ ಮೇಲೆ? ನೀನು ನಂಗೇ ತಾನೆ ಮಾಡ್ದೆ." ಚಪ್ಪಲಿ ಹಾಕಿ ಎದ್ದರು. "ಅದು ತೋಳಿನಾಗೆ ಇದ್ರೆ ನಾ ಮತ್ತೆ ಬೇವಿನ ಮರದ ಕೆಳಗೆ ಓಗಿ ಕುಂತ್ಕೋತೀನಿ. ನನ್ ಬುದ್ಧಿ ನಂಗೊತ್ತು. ಭಯ ಆಗ್ಲಿ ಬಿಡು. ಭಯ ಆದ್ರೆ ಗಾಜು ಬಿಟ್ಟು ಅಲ್ಲಾಡಲ್ಲ."

ಹೋದರು. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಗ ಹಿಂದೆ ಹೋದ.

ಈಗಷ್ಟೇ ಹಿತ್ತಲಿಗೆ ಹೋಗಿ ನೋಡಿದೆ. ಮಿಲ್ಲಿನ ಮೇಲೆ ಹೊಗೆ ಎದ್ದಿದೆ. ಹಚ್ಚಿದ್ದಾರೆ. ಒಳಗೆ ಬಂದು ದೇವರ ಗೂಡಿನ ಮುಂದೆ ನಿಂತೆ. ಕಾಪಾಡು ಅನ್ನಬೇಕು. ಬಾಯಿಗೆ ಬಂತು, ನುಂಗಿದೆ. ಅವರಿಗೆ ಧೈರ್ಯ ಬಾರದಿರಲಿ, ಹೆದರಿಕೊಂಡೇ ಇರಲಿ, ಒಂದು ಗಳಿಗೆಯೂ ಆ ಹೆದರಿಕೆ ಬಿಡದಿರಲಿ ಎಂದು ಕೇಳಿದೆ. ಕಟ್ಟಿಕೊಂಡ ಗಂಡನಿಗೆ ಇಂಥದ್ದನ್ನು ಯಾವ ಹೆಂಗಸಾದರೂ ಬೇಡಿಕೊಂಡಾಳೇ?